ಉಪ್ಪಾಗೆ ಎಲೆಯ ಹುಳು ತನ್ನ ಹಿಕ್ಕೆಯನ್ನು ತಾನೇ ಹೊತ್ತುಕೊಳ್ಳುವುದೇಕೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ಮೇಲ್ಭಾಗದ ಸೊಪ್ಪಿನಬೆಟ್ಟದಲ್ಲಿ ಕೆಲವು ಉಪ್ಪಾಗೆ ಮರಗಳಿವೆ. ಮಳೆಗಾಲ ಹಿಡಿದ ಮೇಲೆ ಅವುಗಳ ಚಿಗುರೆಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ, ಮೈಗೆಲ್ಲ ಕಪ್ಪು ಲೋಳೆ ಮೆತ್ತಿಕೊಂಡ ಹುಳುಗಳು ಗುಂಪುಗುಂಪಾಗಿ ಕುಳಿತು ಎಲೆ ತಿನ್ನುತ್ತಿವೆ. ಕಡ್ಡಿಯಿಂದ ಲೋಳೆಯನ್ನು ಸರಿಸಿದರೆ ಒಳಗೆ ತಿಳಿಬಣ್ಣದ ಮೆತ್ತನೆಯ ಹುಳು ಕಾಣುತ್ತದೆ. ಕೆಳಗೆ ಬಿದ್ದ ಒಂದನ್ನು ಕೋಳಿ ಕುಕ್ಕಿ, ಅಲ್ಲೇ ಬಿಟ್ಟು, ಕೊಕ್ಕನ್ನು ನೆಲಕ್ಕೆ ಉಜ್ಜಿಕೊಂಡು ಹೋಯಿತು. ಅದೇ ಮರದಲ್ಲಿ ಗೂಡು ಕಟ್ಟಿರುವ ಚಗಳಿ ಇರುವೆಗಳೂ ಇವುಗಳನ್ನು ಮುಟ್ಟುತ್ತಿಲ್ಲ. ಇವು ವಿಷದ ಹುಳುಗಳೇ? ಮೈಮೇಲೆ ಹೇಸಿಗೆ ಹೊತ್ತಿರುವುದೇಕೆ? ಕಾಯಿ ಕೊಯ್ಯುವವರಿಗೂ ಸಿಪ್ಪೆ ಒಣಗಿಸುವವರಿಗೂ ಅಪಾಯವಿದೆಯೇ? ಔಷಧಿ ಹೊಡೆಯಬೇಕೇ?

ಉತ್ತರ: ನಿಮ್ಮ ಆತಂಕಕ್ಕೆ ಸಂಬಂಧಿಸಿದ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ನೀವು ವರ್ಣಿಸಿರುವುದು ಎಲೆ ದುಂಬಿಯ ಮರಿಹುಳು. ಇದಕ್ಕೆ ಕಂಬಳಿಹುಳುವಿನಂತೆ ಚರ್ಮಕ್ಕೆ ಚುಚ್ಚಿಕೊಳ್ಳುವ ರೋಮಗಳಿಲ್ಲ. ಇದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಮರ ಹತ್ತುವವರು ಇದಕ್ಕೆ ಹೆದರಬೇಕಾಗಿಲ್ಲ. ಆದರೆ ಕೋಳಿಯೂ ಇರುವೆಯೂ ಇದನ್ನು ಬಿಟ್ಟು ಹೋದದ್ದು ಆಕಸ್ಮಿಕವಲ್ಲ. ಬೆನ್ನ ಮೇಲಿರುವ ಆ ಲೋಳೆ ಹುಳುವಿನ ಸ್ವಂತ ಹಿಕ್ಕೆ ಎಂಬುದು ನಿಜವಾದರೂ ಅದನ್ನು ಬರಿಯ ಹೇಸಿಗೆ ಎಂದು ತಳ್ಳಿಹಾಕುವಂತಿಲ್ಲ. ಮರವು ತನ್ನನ್ನು ಕಾಪಾಡಿಕೊಳ್ಳಲು ಎಲೆಯಲ್ಲಿ ತುಂಬಿಕೊಂಡ ರಾಸಾಯನಿಕಗಳು ಹುಳುವಿನ ಹೊಟ್ಟೆಯನ್ನು ಹಾದು, ಅಲ್ಪಸ್ವಲ್ಪ ಮಾರ್ಪಟ್ಟು, ಅದರ ಬೆನ್ನ ಮೇಲೆ ಮತ್ತೆ ಕೆಲಸಕ್ಕೆ ನಿಲ್ಲುತ್ತವೆ. ಈ ಹುಳುವಿನ ಬಗ್ಗೆ ತಿಳಿಯಬೇಕಾದದ್ದರಲ್ಲಿ ಮುಖ್ಯವಾದದ್ದು ಇದೇ.

ಉಪ್ಪಾಗೆಯ ಎಲೆಯನ್ನು ಗುಂಪಾಗಿ ತಿನ್ನುವ, ಹಿಕ್ಕೆ ಹೊದ್ದುಕೊಂಡ ಮರಿಹುಳು ಎಂಬ ಮೂರು ಲಕ್ಷಣಗಳನ್ನು ಒಟ್ಟಿಗೆ ನೋಡಿದಾಗ, ಇದು ಪೊಡಾಂಷಿಯಾ ಕಾಂಗ್ರಿಗೇಟಾ ಎಂಬ ದುಂಬಿಯ ಮರಿ ಆಗಿರುವ ಸಂಭವವೇ ಹೆಚ್ಚು. ದಕ್ಷಿಣ ಭಾರತವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಈ ಪ್ರಭೇದಕ್ಕೆ 1865ರಲ್ಲಿಯೇ ಹೆಸರಿಟ್ಟಿದ್ದರೂ, ಅದರ ಜೀವನಕ್ರಮದ ಮೊದಲ ವಿವರಗಳು ಪ್ರಕಟವಾದದ್ದು 2011ರಲ್ಲಿ. ಕೇರಳದ ಕೀಟ ವಿಜ್ಞಾನಿ ಕೆ. ಡಿ. ಪ್ರತಾಪನ್ ಮತ್ತು ಅಮೆರಿಕದ ಕ್ಯಾರೊಲಿನ್ ಚಾಬೂ ಅವರು ಆ ಪ್ರಬಂಧದಲ್ಲಿ ಇದರ ಆಹಾರ ಸಸ್ಯ ಉಪ್ಪಾಗೆ ಎಂದು ದಾಖಲಿಸಿದರು. ನಮ್ಮ ಬೆಟ್ಟಗಳಲ್ಲಿ ತಲೆಮಾರುಗಳಿಂದ ಸಿಪ್ಪೆಗೂ ತುಪ್ಪಕ್ಕೂ ಬಳಸುತ್ತ ಬಂದಿರುವ ಮರವೊಂದರ ಮೇಲೆ ಬದುಕುವ ಜೀವಿಯ ಬಗ್ಗೆ ಒಂದೂವರೆ ಶತಮಾನ ಇಷ್ಟು ಕಡಿಮೆ ಬರೆಯಲಾಗಿತ್ತು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಇದೇ ಕುಲದ ಇನ್ನೊಂದು ಪ್ರಭೇದ, ರೆಕ್ಕೆಗವಚದ ಮೇಲೆ ಕಪ್ಪು ಚುಕ್ಕೆಗಳಿರುವ ದುಂಬಿ, ಏಷ್ಯಾದ ಅನೇಕ ಕಡೆ ಅಮಟೆ ಮರದ ಎಲೆಯನ್ನು ಬೋಳಿಸುವುದಕ್ಕೆ ಹೆಸರಾಗಿದೆ. ಅದರ ಮರಿಯೂ ಹೀಗೆಯೇ ಹಿಕ್ಕೆಯನ್ನು ಮೈಗೆ ಬಳಿದುಕೊಂಡಿರುತ್ತದೆ.

ಈ ಹೊದಿಕೆ ಹೇಗೆ ಸಿದ್ಧವಾಗುತ್ತದೆ ಎಂಬುದು ಗಮನಿಸಬೇಕಾದ ವಿಷಯ. ಸಾಮಾನ್ಯವಾಗಿ ಹುಳುಗಳ ಗುದದ್ವಾರ ದೇಹದ ತುದಿಯಲ್ಲಿ ಹಿಂದಕ್ಕೋ ಕೆಳಕ್ಕೋ ತೆರೆದುಕೊಂಡರೆ, ಹಿಕ್ಕೆ ಹೊರುವ ಇಂತಹ ಮರಿಹುಳುಗಳಲ್ಲಿ ಅದು ಬೆನ್ನಿನ ಕಡೆಗೆ ತೆರೆದಿರುತ್ತದೆ. ಹೊರಬಂದ ಹಿಕ್ಕೆ ಎಲೆಯ ಮೇಲೆ ಬೀಳದೆ ಬೆನ್ನಿನ ಮೇಲೆಯೇ ಕೂರುತ್ತದೆ. ಹಿಂದಿನಿಂದ ಹೊಸ ಹಿಕ್ಕೆ ಬಂದಂತೆಲ್ಲ ಹಳೆಯದು ಬೆನ್ನಿನ ಚರ್ಮದ ಅಲೆಯಂತಹ ಚಲನೆಯಿಂದ ಮುಂದಮುಂದಕ್ಕೆ ಸರಿಯುತ್ತ ತಲೆಯವರೆಗೂ ತಲುಪುತ್ತದೆ. ಹುಳು ತಿನ್ನುವುದನ್ನು ನಿಲ್ಲಿಸದಿರುವಷ್ಟು ಕಾಲ ಹೊದಿಕೆ ತಾಜಾ ಆಗಿ ಹಸಿಯಾಗಿಯೇ ಇರುತ್ತದೆ. ಗೆಣಸಿನ ಬಳ್ಳಿಯ ಮೇಲೆ ಬದುಕುವ ಆಮೆ ದುಂಬಿಗಳ ಮರಿಗಳದ್ದು ಬೇರೆಯೇ ವಿಧಾನ: ಅವುಗಳ ಬಾಲದ ತುದಿಯಲ್ಲಿ ಕವಲೊಡೆದ ಒಂದು ಮುಳ್ಳಿದ್ದು, ಪೊರೆ ಬಿಟ್ಟಾಗಲೆಲ್ಲ ಹಳೆಯ ಚರ್ಮ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಅನೇಕ ಪ್ರಭೇದಗಳಲ್ಲಿ ಹಿಕ್ಕೆಯೂ ಅದರ ಮೇಲೆ ಸೇರಿ ಗಟ್ಟಿಯಾಗುತ್ತದೆ. ಆ ಮರಿ ತನ್ನ ಕವಲನ್ನು ಬೆನ್ನ ಮೇಲೆ ಕೊಡೆಯಂತೆ ಹಿಡಿದಿದ್ದು, ಯಾವ ಬದಿಗೆ ಇರುವೆ ತಾಕುತ್ತದೆಯೋ ಆ ಬದಿಗೆ ಅದನ್ನು ತಿರುಗಿಸಬಲ್ಲದು. ನಿಮ್ಮ ಹಿತ್ತಲಿನಲ್ಲಿ ಗೆಣಸು ಇದ್ದರೆ, ತೂತುಬಿದ್ದ ಎಲೆಗಳ ಅಡಿಭಾಗವನ್ನು ನೋಡಿ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಈ ತಿರುಗುವಿಕೆಯನ್ನು ನೀವೇ ಕಾಣಬಹುದು.

ಇಂತಹ ಹೊದಿಕೆಯಿಂದ ನಿಜವಾಗಿ ಪ್ರಯೋಜನವಿದೆಯೇ ಎಂಬುದನ್ನು ಪ್ರಯೋಗದ ಮೂಲಕ ಮೊದಲು ತೋರಿಸಿದವರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಪ್ರಮುಖರು. ಅವರು ಮತ್ತು ಅವರ ಸಹೋದ್ಯೋಗಿಗಳು 1967ರಲ್ಲಿ, ಮುಳ್ಳುಗಿಡಗಳನ್ನು ತಿನ್ನುವ ಆಮೆ ದುಂಬಿಯೊಂದರ ಮರಿಯ ಹಿಕ್ಕೆಯ ಕವಚ ಇರುವೆಗಳಿಂದ ಅದನ್ನು ರಕ್ಷಿಸುತ್ತದೆ ಎಂದು ಪ್ರಕಟಿಸಿದರು. ಆಗ ಉಳಿದ ದೊಡ್ಡ ಪ್ರಶ್ನೆ ಇದು: ಇರುವೆಯನ್ನು ತಡೆಯುವುದು ಕವಚದ ಗೋಡೆಯೋ, ಅಥವಾ ಅದರೊಳಗಿನ ರಸಾಯನವೋ? ಒಣಗಿದ ಚರ್ಮ ಮತ್ತು ಹಿಕ್ಕೆಯ ಅಡ್ಡಗೋಡೆಯೊಂದೇ ಸಾಕಾಗಿದ್ದರೆ ಹುಳು ಏನು ತಿಂದರೂ ಅದಕ್ಕೆ ರಕ್ಷಣೆ ಸಿಗಬೇಕಿತ್ತು. 1990ರ ದಶಕದಲ್ಲಿ ಫ್ರೆಡ್ರಿಕ್ ವೆನ್ಸಲ್ ಮತ್ತು ಅವರ ಸಹೋದ್ಯೋಗಿಗಳು ಬೇರೆ ಬೇರೆ ಗುಂಪಿನ ಎಲೆ ದುಂಬಿಗಳ ಮರಿಗಳನ್ನು ಇರುವೆಗಳ ಮುಂದಿಟ್ಟು ಇದನ್ನೇ ಪರೀಕ್ಷಿಸಿದರು. ತಮ್ಮ ಸಹಜ ಆಹಾರ ಸಸ್ಯವನ್ನು ತಿಂದು ಬೆಳೆದ ಮರಿಗಳ ಹೊದಿಕೆ ಇರುವೆಗಳನ್ನು ಹಿಮ್ಮೆಟ್ಟಿಸಿತು. ಆ ಸಸ್ಯದ ರಕ್ಷಣಾ ರಾಸಾಯನಿಕಗಳಿಲ್ಲದ ಬೇರೆ ಆಹಾರದ ಮೇಲೆ ಬೆಳೆದ ಮರಿಗಳಿಗೆ ಹೊದಿಕೆಯಿದ್ದರೂ ಅದರ ಶಕ್ತಿ ಕುಂದಿತ್ತು. ಕೊಬ್ಬಿನಾಮ್ಲಗಳು, ಎಲೆಯ ಹಸಿರು ಜೀರ್ಣವಾಗುವಾಗ ಹುಟ್ಟುವ ಫೈಟಾಲ್‌ನಂತಹ ವಸ್ತುಗಳು, ಮತ್ತು ಆಯಾ ಸಸ್ಯಕ್ಕೇ ವಿಶಿಷ್ಟವಾದ ಕಹಿ ಅಥವಾ ಒಗರು ಪದಾರ್ಥಗಳು ಒಟ್ಟಿಗೆ ಸೇರಿ ಈ ಕೆಲಸ ಮಾಡುತ್ತವೆ. ಬದನೆಯ ಕುಟುಂಬದ ಗಿಡ ತಿನ್ನುವ ಹುಳುವಿನಲ್ಲಿ ಆ ಗಿಡದ ಆಲ್ಕಲಾಯ್ಡುಗಳು ಹೊದಿಕೆಗೆ ಬರುತ್ತವೆ. ಹುಳು ಇವನ್ನು ತಯಾರಿಸಲು ತನ್ನ ಶಕ್ತಿಯನ್ನು ವ್ಯಯಿಸುವುದಿಲ್ಲ. ಹೇಗಿದ್ದರೂ ಹೊರಹಾಕಬೇಕಾದದ್ದನ್ನು ಹೊರಹಾಕುವ ಜಾಗವನ್ನಷ್ಟೇ ಬದಲಿಸಿಕೊಂಡಿದೆ.

ಉಪ್ಪಾಗೆಯ ರಸಾಯನ ಎಂಥದ್ದು ಎಂಬುದು ನಿಮಗೆ ಬೇರೆ ರೀತಿಯಲ್ಲಿ ಈಗಾಗಲೇ ತಿಳಿದಿದೆ. ಇದರ ತೊಗಟೆಗೆ ಗಾಯವಾದರೆ ಒಸರುವ ಹಳದಿ ಅಂಟು ಕೈಗೆ ಹತ್ತಿದರೆ ಸುಲಭವಾಗಿ ಹೋಗುವುದಿಲ್ಲ. ಉಪ್ಪಾಗೆ, ಮುರುಗಲು ಮೊದಲಾದವು ಸೇರಿದ ಗಾರ್ಸೀನಿಯಾ ಕುಲದ ಮರಗಳ ಅಂಟಿನಲ್ಲಿ, ತೊಗಟೆಯಲ್ಲಿ ಮತ್ತು ಎಲೆಗಳಲ್ಲಿ ಕ್ಸಾಂಥೋನ್, ಬೆಂಜೊಫಿನೋನ್ ಎಂಬ ವರ್ಗಗಳ ಸಂಯುಕ್ತಗಳು ಹೇರಳವಾಗಿವೆ. ಇವುಗಳಲ್ಲಿ ಹಲವು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತವೆ ಎಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಇಂತಹ ಎಲೆಯನ್ನು ತಿಂದು ಬದುಕುವ ಹುಳುವಿನ ಹಿಕ್ಕೆ ಸಪ್ಪೆಯಾಗಿರಲು ಸಾಧ್ಯವಿಲ್ಲ. ಇದರ ಹತ್ತಿರದ ಸಂಬಂಧಿಗಳಲ್ಲಿ ಆದ ಪ್ರಯೋಗಗಳನ್ನೂ ಇದನ್ನೂ ಜೊತೆಗಿಟ್ಟು ನೋಡಿದಾಗ, ನಿಮ್ಮ ಕೋಳಿ ಕೊಕ್ಕು ಉಜ್ಜಿಕೊಂಡದ್ದಕ್ಕೂ ಚಗಳಿ ದೂರ ಉಳಿದದ್ದಕ್ಕೂ ಮರದ ರಸವೇ ಕಾರಣ ಎಂದು ನಾನು ತೀರ್ಮಾನಿಸುತ್ತೇನೆ. ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ: ಈ ಬಗೆಯ ಅಧ್ಯಯನಗಳಲ್ಲಿ ಹೆಚ್ಚಿನವು ಇರುವೆಗಳನ್ನು ಬಳಸಿ ಆದವು, ಹಕ್ಕಿಗಳನ್ನು ಬಳಸಿ ಆದವು ಕಡಿಮೆ, ಆದ್ದರಿಂದ ಚಗಳಿಯ ನಡವಳಿಕೆಗೆ ಕೊಡುವಷ್ಟು ತೂಕವನ್ನು ಒಂದು ಕೋಳಿಯ ನಡವಳಿಕೆಗೆ ಕೊಡಲಾರೆ.

ಇನ್ನು ವಿಷದ ಮಾತು. ನಿಮ್ಮ ಪ್ರಶ್ನೆಯಲ್ಲಿ ನೀವು ಊಹಿಸಿರುವುದಕ್ಕಿಂತ ಹೆಚ್ಚಿನ ಅರ್ಥವಿದೆ, ಏಕೆಂದರೆ ಪೊಡಾಂಷಿಯಾದ ದೂರದ ಬಂಧುಗಳಲ್ಲಿ ಜಗತ್ತಿನ ಅತ್ಯಂತ ಪ್ರಸಿದ್ಧ ವಿಷಕೀಟವೊಂದು ಸೇರಿದೆ. ಆಫ್ರಿಕದ ನಮೀಬಿಯ ಮತ್ತು ಕಲಹರಿ ಪ್ರದೇಶದ ಸಾನ್ ಜನರು ಬೇಟೆಯ ಬಾಣಗಳಿಗೆ ಲೇಪಿಸುವ ವಿಷ ಡಯಾಂಫಿಡಿಯಾ ಎಂಬ ಎಲೆ ದುಂಬಿಯ ಮರಿಗಳಿಂದ ಬರುತ್ತದೆ. ಈ ಮರಿಗಳು ಗುಗ್ಗುಳದ ಕುಲಕ್ಕೆ ಸೇರಿದ ಪೊದೆಗಳ ಎಲೆ ತಿಂದು, ಪೊಡಾಂಷಿಯಾದಂತೆಯೇ ಹಿಕ್ಕೆ ಹೊದ್ದು ಬೆಳೆದು, ಬಳಿಕ ಪೊದೆಯ ಬುಡದ ಮಣ್ಣಿನಾಳದಲ್ಲಿ ಗೂಡು ಮಾಡಿಕೊಳ್ಳುತ್ತವೆ. ಬೇಟೆಗಾರರು ಆ ಗೂಡುಗಳನ್ನು ಅಗೆದು ತೆಗೆದು, ಹುಳುವಿನ ದೇಹದ್ರವವನ್ನು ಬಾಣಕ್ಕೆ ಹಚ್ಚುತ್ತಾರೆ. ಕೈಗೆ ಆಕಸ್ಮಿಕವಾಗಿ ತಗುಲದಿರಲೆಂದು ಮೊನೆಯನ್ನು ಬಿಟ್ಟು ಅದರ ಹಿಂಭಾಗಕ್ಕೆ ಹಚ್ಚುವುದು ರೂಢಿ. ಆ ವಿಷ ಒಂದು ಪ್ರೋಟೀನು. ಅದು ರಕ್ತದೊಳಗೆ ಸೇರಿದಾಗ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹೊಟ್ಟೆಗೆ ಹೋದರೆ ಹಾಗೆ ಕೆಲಸ ಮಾಡುವುದಿಲ್ಲವಾದ್ದರಿಂದ ಆ ಬಾಣದಿಂದ ಸತ್ತ ಪ್ರಾಣಿಯ ಮಾಂಸವನ್ನು ಅವರು ತಿನ್ನುತ್ತಾರೆ.

ಇದನ್ನು ಓದಿ ಗಾಬರಿಯಾಗಬೇಡಿ. ಡಯಾಂಫಿಡಿಯಾದ ವಿಷ ಇರುವುದು ದೇಹದೊಳಗಿನ ದ್ರವದಲ್ಲಿ, ಬೆನ್ನ ಮೇಲಿನ ಹೊದಿಕೆಯಲ್ಲಿ ಅಲ್ಲ. ಒಂದೇ ಬಂಧುವರ್ಗಕ್ಕೆ ಸೇರಿದ ಮಾತ್ರಕ್ಕೆ ಎಲ್ಲವೂ ಅದೇ ವಿಷವನ್ನು ಹೊಂದಿರಬೇಕೆಂಬ ನಿಯಮವೂ ಇಲ್ಲ. ನಾನು ಅದನ್ನು ಇಲ್ಲಿ ತಂದದ್ದು ಬೇರೊಂದು ಕಾರಣಕ್ಕೆ. ಈ ಬಂಧುವರ್ಗದ ದುಂಬಿಗಳಲ್ಲಿ ಬಹುಪಾಲು ರಾಳ ಒಸರುವ ಮರಗಳನ್ನೇ ಆರಿಸಿಕೊಂಡಿವೆ: ಅಮಟೆ, ಮಾವು, ಗೇರು ಸೇರಿದ ಕುಟುಂಬ ಒಂದು; ಗುಗ್ಗುಳ ಮತ್ತು ನಮ್ಮ ರಾಳಧೂಪ ಸೇರಿದ ಕುಟುಂಬ ಇನ್ನೊಂದು. ಮೆಕ್ಸಿಕೊ ದೇಶದ ಬರ್ಸೆರಾ ಎಂಬ ಮರದ ಕೆಲವು ಪ್ರಭೇದಗಳಲ್ಲಿ ಎಲೆಯ ನಾಳಗಳೊಳಗೆ ಟರ್ಪೀನುಗಳಿರುವ ರಾಳ ಎಷ್ಟು ಒತ್ತಡದಲ್ಲಿರುತ್ತದೆಂದರೆ, ಎಲೆಯನ್ನು ಹರಿದೊಡನೆ ಅದು ಚಿಮ್ಮುತ್ತದೆ. ಅದನ್ನು ತಿನ್ನುವ ಬ್ಲೆಫರಿಡಾ ದುಂಬಿಯ ಮರಿ ಮೊದಲು ನಾಳಗಳನ್ನು ಒಂದೊಂದಾಗಿ ಕಡಿದು, ರಾಳದ ಒತ್ತಡ ಇಳಿಯುವವರೆಗೆ ಕಾದು, ಆಮೇಲೆ ಎಲೆಗೆ ಬಾಯಿ ಹಾಕುತ್ತದೆ. ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಸಬಹುದಾದ ಒಂದು ಎಲೆಗಾಗಿ ಒಂದು ಗಂಟೆಗೂ ಹೆಚ್ಚು ಕಾಲ ನಾಳ ಕಡಿಯುವುದುಂಟು. ಅಷ್ಟು ಕಷ್ಟಪಟ್ಟು ಪಡೆದ ರಾಳದ ಅಂಶವೇ ಮುಂದೆ ಅದರ ಸ್ವಂತ ರಕ್ಷಣೆಗೆ ಬರುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಉಪ್ಪಾಗೆ ಈ ಎರಡೂ ಕುಟುಂಬಗಳಿಗೆ ಸೇರಿದ್ದಲ್ಲ. ಆದರೆ ಅದೂ ಅಂಟುರಸದ ಮರ. ಕಾಂಗ್ರಿಗೇಟಾ ತನ್ನ ಬಂಧುಗಳ ಮರಗಳನ್ನು ಬಿಟ್ಟು ಬೇರೆ ಕುಟುಂಬಕ್ಕೆ ಬಂದರೂ, ಒಸರುವ ರಸವಿರುವ ಮರವನ್ನು ಬಿಡಲಿಲ್ಲ ಎಂಬುದು ನನ್ನನ್ನು ಬಹಳ ಸೆಳೆದಿರುವ ಸಂಗತಿ.

ಎಲೆ ದುಂಬಿಗಳ ಕುಟುಂಬದಲ್ಲಿ 35,000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದ್ದು, ಹಿಕ್ಕೆ ಹೊರುವುದು ಅವುಗಳ ಹಲವು ಉಪಾಯಗಳಲ್ಲಿ ಒಂದು ಮಾತ್ರ. ಇದಕ್ಕಿಂತ ನಾಜೂಕಾದ ಉಪಾಯವೊಂದನ್ನು ಹೇಳದೆ ಬಿಡಲಾರೆ. ಯುರೋಪಿನ ಪಾಪ್ಲಾರ್ ಮತ್ತು ವಿಲ್ಲೊ ಮರಗಳ ಎಲೆ ತಿನ್ನುವ ಕ್ರೈಸೊಮೆಲಾ ದುಂಬಿಯ ಮರಿಗೆ ಬೆನ್ನ ಮೇಲೆ ಒಂಬತ್ತು ಜೊತೆ ಗ್ರಂಥಿಗಳಿವೆ. ಶತ್ರು ಮುಟ್ಟಿದೊಡನೆ ಗ್ರಂಥಿಯ ಚೀಲಗಳು ಹೊರಕ್ಕೆ ಮಗುಚಿಕೊಂಡು, ಪ್ರತಿಯೊಂದರ ತುದಿಯಲ್ಲೂ ಕಹಿ ಬಾದಾಮಿಯ ವಾಸನೆಯ ಒಂದು ಹನಿ ಕಾಣಿಸಿಕೊಳ್ಳುತ್ತದೆ. ಅಪಾಯ ಕಳೆದ ಮೇಲೆ ಆ ಹನಿಯನ್ನು ಹುಳು ಚೆಲ್ಲದೆ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಹನಿಯಲ್ಲಿರುವುದು ಸ್ಯಾಲಿಸಿಲಾಲ್ಡಿಹೈಡ್. ಎಲೆಯಲ್ಲಿರುವ ಸ್ಯಾಲಿಸಿನ್ ಎಂಬ ಕಹಿ ಪದಾರ್ಥ ಹುಳುವಿನ ಕರುಳಿನಿಂದ ದೇಹದ್ರವಕ್ಕೆ, ಅಲ್ಲಿಂದ ಗ್ರಂಥಿಗೆ ಸೇರುತ್ತದೆ. ಗ್ರಂಥಿಯೊಳಗಿನ ಒಂದು ಕಿಣ್ವ ಅದರಿಂದ ಗ್ಲುಕೋಸನ್ನು ಬಿಡಿಸುತ್ತದೆ, ಮತ್ತೊಂದು ಕಿಣ್ವ ಉಳಿದ ಭಾಗವನ್ನು ಆಮ್ಲಜನಕದೊಂದಿಗೆ ಸೇರಿಸಿ ಸ್ಯಾಲಿಸಿಲಾಲ್ಡಿಹೈಡ್ ಆಗಿಸುತ್ತದೆ. ಬಿಡುಗಡೆಯಾದ ಗ್ಲುಕೋಸ್ ಹುಳುವಿನ ಪೋಷಣೆಗೇ ಒದಗುತ್ತದೆ. ಬೆಲ್ಜಿಯಮ್ಮಿನ ಜಾಕ್ ಪಾಸ್ಟೀಲ್ಸ್, ಜರ್ಮನಿಯ ವಿಲ್ಹೆಲ್ಮ್ ಬೋಲಾಂಡ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಈ ಹಾದಿಯನ್ನು ಬಿಡಿಸಿ ತೋರಿಸಿದರು. ಇದೇ ಉಪಕುಟುಂಬದ ಬೇರೆ ದುಂಬಿಗಳ ಮರಿಗಳು ಸಸ್ಯದಿಂದ ಸಾಲ ಪಡೆಯದೆ, ಇರಿಡಾಯ್ಡ್ ವರ್ಗದ ರಕ್ಷಣಾ ವಸ್ತುಗಳನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ.

ನಮ್ಮಲ್ಲಿನ ಇನ್ನೆರಡು ಎಲೆ ದುಂಬಿಗಳು ಅಡಗಿ ಬದುಕುವ ದಾರಿ ಹಿಡಿದಿವೆ. ಕಾಳುಮೆಣಸಿನ ಪೊಳ್ಳು ದುಂಬಿಯ ಮರಿ ಕಾಳನ್ನು ಕೊರೆದು ಒಳಗೇ ಉಳಿಯುತ್ತದೆ. ಭತ್ತದ ಹಿಸ್ಪಾ ಮರಿ ಎಲೆಯ ಎರಡು ಪದರಗಳ ನಡುವೆ ಸುರಂಗ ಮಾಡಿಕೊಳ್ಳುತ್ತದೆ.

ಇಷ್ಟೆಲ್ಲ ರಕ್ಷಣೆಯಿದ್ದರೂ ಈ ಹುಳುಗಳಿಗೆ ಶತ್ರುಗಳಿಲ್ಲ ಎಂದು ಭಾವಿಸಬಾರದು. ನಿಮ್ಮ ಕೊನೆಯ ಪ್ರಶ್ನೆಗೆ, ಅಂದರೆ ಔಷಧಿಯ ಪ್ರಶ್ನೆಗೆ, ಉತ್ತರ ಅಡಗಿರುವುದು ಇಲ್ಲಿಯೇ. ಲಿಲ್ಲಿ ಗಿಡದ ಎಲೆ ದುಂಬಿಯ ಮರಿಯೂ ಹಿಕ್ಕೆ ಹೊರುವಂಥದ್ದು; ಅದರ ಮೈಯೊಳಗೆ ಮೊಟ್ಟೆಯಿಡುವ ಪುಟ್ಟ ಪರಜೀವಿ ಕಣಜವೊಂದು ಆ ಹಿಕ್ಕೆಯ ವಾಸನೆಯನ್ನೇ ಜಾಡಾಗಿ ಹಿಡಿದು ಹುಳುವನ್ನು ಪತ್ತೆಹಚ್ಚುತ್ತದೆ ಎಂದು ಸ್ವಿಟ್ಜರ್ಲೆಂಡಿನಲ್ಲಿ ಕಂಡುಕೊಳ್ಳಲಾಗಿದೆ. ಕ್ರೈಸೊಮೆಲಾದ ಬಾದಾಮಿ ವಾಸನೆಯಿಂದ ಇರುವೆಗಳು ಓಡಿದರೆ, ಆ ಮರಿಗಳನ್ನೇ ಬೇಟೆಯಾಡುವ ಒಂದು ಬಗೆಯ ಕಣಜವೂ ಒಂದು ಬಗೆಯ ಹೂನೊಣದ ಮರಿಯೂ ಅದೇ ವಾಸನೆಗೆ ಆಕರ್ಷಿತವಾಗುತ್ತವೆ. ಎಲ್ಲೆಂದರಲ್ಲಿ ಸಿಕ್ಕಿದ್ದನ್ನು ತಿನ್ನುವ ಶತ್ರುವನ್ನು ತಡೆಯುವ ರಸಾಯನ, ಇದನ್ನೇ ಹುಡುಕಿಕೊಂಡು ಬರುವ ಶತ್ರುವಿಗೆ ವಿಳಾಸ ಹೇಳಿಕೊಡುತ್ತದೆ. ಉದ್ದನೆಯ ಸೂಜಿಯಂತಹ ಬಾಯಿಯಿರುವ ಬೇಟೆಗಾರ ತಿಗಣೆಗಳಂತೂ ಹೊದಿಕೆಯನ್ನು ಬಾಯಲ್ಲಿ ಕಚ್ಚಬೇಕಾಗಿಯೇ ಇಲ್ಲ. ಅದರ ಅಂಚಿನಿಂದಲೋ ಮೂಲಕವೋ ಚುಚ್ಚಿ ಹೀರಬಲ್ಲವು. ನಿಮ್ಮ ಮರದಲ್ಲಿ ಸೊರಗಿ ಬಾಡಿದಂತೆ ಜೋತಿರುವ ಹುಳುಗಳು ಕಂಡರೆ, ಅಕ್ಕಪಕ್ಕದಲ್ಲಿ ಇಂತಹ ತಿಗಣೆ ಇದೆಯೇ ಎಂದು ಹುಡುಕಿ.

ಹೊದಿಕೆ ಹುಳುವನ್ನು ಬಿಸಿಲಿನಿಂದಲೂ ಒಣಗುವಿಕೆಯಿಂದಲೂ ಕಾಪಾಡುತ್ತದೆ ಎಂಬ ವಾದವೂ ಇದೆ. ಕಲಹರಿಯಂತಹ ಜಾಗದಲ್ಲಿ ಅದಕ್ಕೆ ಬೆಲೆಯಿರಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಆಸುಪಾಸಿನ ಕಾಡಿನಲ್ಲಿ, ಅದೂ ಮಳೆಗಾಲದಲ್ಲಿ ಬೆಳೆಯುವ ಹುಳುವಿಗೆ ಒಣಗುವ ಭಯ ಮುಖ್ಯ ಎಂದು ನನಗೆ ಅನ್ನಿಸುವುದಿಲ್ಲ.

ಆದ್ದರಿಂದ ಸೊಪ್ಪಿನಬೆಟ್ಟದ ಉಪ್ಪಾಗೆ ಮರಗಳಿಗೆ ಕೀಟನಾಶಕ ಸಿಂಪಡಿಸುವುದನ್ನು ನಾನು ಸ್ಪಷ್ಟವಾಗಿ ಬೇಡವೆನ್ನುತ್ತೇನೆ. ಮೈಗೆ ತಗುಲಿ ಕೊಲ್ಲುವ ಔಷಧಿ ಲೋಳೆಯ ಹೊದಿಕೆಯನ್ನು ದಾಟಿ ಹುಳುವಿನ ಚರ್ಮಕ್ಕೆ ತಲುಪುವುದು ಕಷ್ಟ. ಆದರೆ ಯಾವ ಹೊದಿಕೆಯೂ ಇಲ್ಲದ ಕಣಜ, ತಿಗಣೆ, ಜೇನುನೊಣಗಳಿಗೆ ಅದು ನೇರವಾಗಿ ತಗುಲುತ್ತದೆ. ಬಿಟ್ಟೂಬಿಡದ ಮಳೆಯಲ್ಲಿ ಅದು ತೊಳೆದು ಹಳ್ಳ ಸೇರುತ್ತದೆ, ಮೇಲಾಗಿ ನೀವು ಮನೆಯ ಅಡುಗೆಗೆ ಬಳಸುವ, ಮಾರಾಟಕ್ಕೂ ಕೊಡುವ ಸಿಪ್ಪೆಯ ಮೇಲೆ ಅದರ ಅಂಶ ಉಳಿಯುವ ಅಪಾಯವಿದೆ. ಬೆಳೆದ ಮರ ಒಂದಷ್ಟು ಚಿಗುರನ್ನು ಕಳೆದುಕೊಂಡರೂ ಮತ್ತೆ ಚಿಗುರುತ್ತದೆ. ನೀವು ಹೊಸದಾಗಿ ನೆಟ್ಟ ಸಸಿಗಳಿದ್ದರೆ ಮಾತ್ರ ಗಮನ ಕೊಡಬೇಕು: ಮರಿಗಳು ಚಿಕ್ಕವಿರುವಾಗ ಒಂದೇ ಎಲೆಯ ಮೇಲೆ ಒತ್ತಾಗಿ ಕೂರುವುದರಿಂದ ಆ ಎಲೆಯನ್ನೇ ಚಿವುಟಿ ಸೋಪಿನ ನೀರಿಗೆ ಹಾಕಿದರೆ ಸಾಕು. ಬಲಿತ ಮರಿಗಳು ಮಣ್ಣಿಗಿಳಿದು ಕೋಶಾವಸ್ಥೆಯನ್ನು ಕಳೆಯುವುದರಿಂದ, ಸಸಿಯ ಬುಡದ ಮೇಲ್ಮಣ್ಣನ್ನು ಮೆಲ್ಲಗೆ ಕೆದಕಿಬಿಡುವುದರಿಂದಲೂ ಅವುಗಳ ಸಂಖ್ಯೆ ಇಳಿಯುತ್ತದೆ.

ಕೊಯ್ಯುವವರು ಲೋಳೆ ಕೈಗೆ ತಾಗಿದರೆ ಸೋಪು ಹಾಕಿ ತೊಳೆದುಕೊಳ್ಳಲಿ, ಆ ಕೈಯಿಂದ ಕಣ್ಣು ಉಜ್ಜಿಕೊಳ್ಳದಿರಲಿ. ಕೈಯಲ್ಲಿ ಗಾಯವಿದ್ದರೆ ಹುಳುವನ್ನು ಹಿಸುಕುವುದು ಬೇಡ. ಹುಳು ತಿನ್ನುವುದು ಎಲೆಯನ್ನು. ಕಾಯಿಯ ಮೇಲೆ ಅಪ್ಪಿತಪ್ಪಿ ಬಿದ್ದಿದ್ದರೆ ಸೀಳುವ ಮೊದಲು ಕಾಯಿಗಳನ್ನು ನೀರಿನಲ್ಲಿ ತೊಳೆದುಕೊಂಡರೆ ಸಾಕು.

ಪ್ರಭೇದವನ್ನು ಖಚಿತಪಡಿಸಿಕೊಳ್ಳಲು ಮರಿಯಿಂದ ಸಾಧ್ಯವಿಲ್ಲ, ಬೆಳೆದ ದುಂಬಿಯೇ ಬೇಕು. ಅಗಲ ಬಾಯಿಯ ಡಬ್ಬಿಯೊಂದರಲ್ಲಿ ನಾಲ್ಕು ಬೆರಳಿನಷ್ಟು ತೇವದ ಮಣ್ಣು ತುಂಬಿ, ಅದೇ ಮರದ ತಾಜಾ ಎಲೆಗಳೊಂದಿಗೆ ಕೆಲವು ಬಲಿತ ಮರಿಗಳನ್ನು ಬಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಎಲೆಗಳನ್ನು ದಿನವೂ ಬದಲಿಸಿ. ಮರಿಗಳು ಮಣ್ಣಿಗಿಳಿದ ಮೇಲೆ ಮಣ್ಣು ಒಣಗದಂತೆಯೂ ನೀರು ನಿಲ್ಲದಂತೆಯೂ ನೋಡಿಕೊಳ್ಳಿ. ದುಂಬಿಗಳು ಹೊರಬಂದಾಗ ಅವುಗಳನ್ನೂ, ಮರಿಗಳಿಂದ ಕಣಜ ಅಥವಾ ನೊಣ ಹೊರಬಂದರೆ ಅವನ್ನೂ ತಪ್ಪದೆ, ದಿನಾಂಕ ಮತ್ತು ಊರಿನ ಹೆಸರು ಬರೆದು ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ತಲುಪಿಸಿ.